ದೊಡ್ಡಪ್ಪನ ಮೋಟರಿನ ದನಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಊರಿನವರು ಯಾರಾದರೂ ಇದನ್ನು ಓದಿ "ಮಾಡಿದ್ದೂ ಇವ್ನೇ, ಬರ್ದಿರೋದೂ ಇವ್ನೇ" ಎನ್ನುವುದು ಬೇಡ. ದೊಡ್ಡಪ್ಪನ ಪಂಪಿನ ಮೋಟರಿನ ಹಾಗೆ ಫೋನಿನಲ್ಲಿ ಹೆಣ್ಣುದನಿ ತೆಗೆದು ಮಾತಾಡಿದವನು ನಾನೇ. ಅವರ ತೆಂಗಿನ ಸಸಿಗಳ ಗರಿ ಕೆಂಪಾದದ್ದೂ ಅದರಿಂದಲೇ. ಸುದ್ದಿ ಗೊತ್ತಾದ ಮೇಲೆ ನಾನೂ ಎಲ್ಲರ ಜೊತೆ ಸೇರಿ "ಏನ್ ಬಿಸಿಲಪ್ಪ ಈ ಸಲ" ಎಂದು ಬಿಸಿಲನ್ನು ಬೈದೆ. ಬಿಸಿಲಿಗೆ ತಿರುಗಿ ಬೈಯಲು ಬಾಯಿಲ್ಲ ನೋಡಿ.

ನನಗೆ ಚಿಕ್ಕಂದಿನಿಂದ ಇದೊಂದು ಚಟ. ಯಾರ ದನಿ ಕಿವಿಗೆ ಬಿದ್ದರೂ ಸ್ವಲ್ಪ ಹೊತ್ತಿಗೆ ಅದು ನನ್ನ ಗಂಟಲಿನಲ್ಲಿ ಬಂದು ಕೂತುಬಿಡುತ್ತದೆ. ಮೊದಲು ಕಲಿತದ್ದು ಅರಸೀಕೆರೆ ಸ್ಟೇಷನ್ನಿನ ಪ್ರಕಟಣೆ. "ಪ್ರಯಾಣಿಕರ ಗಮನಕ್ಕೆ" ಎಂದು ಮೂಗಿನಲ್ಲಿ ಶುರುಮಾಡಿದರೆ ಮನೆಗೆ ಬಂದ ನೆಂಟರು ಕೈಚೀಲಕ್ಕೆ ಕೈ ಹಾಕುತ್ತಿದ್ದರು. ಆಮೇಲೆ ಬೇಲೂರು ಬಸ್ಸಿನ ಕಂಡಕ್ಟರು, ಹಳೇಬೀಡಿನಲ್ಲಿ ಒಂದೇ ಉಸಿರಿಗೆ ಮೂರು ಭಾಷೆಯಲ್ಲಿ ಶಿಲ್ಪ ತೋರಿಸುವ ಗೈಡು, ಕೊನೆಗೆ ನಾನು ಕೆಲಸ ಮಾಡುವ ಮೊಬೈಲ್ ಅಂಗಡಿಯ ಯಜಮಾನರು. ಯಜಮಾನರ ಹಾಗೆ ಮುಖ ಗಂಟಿಕ್ಕಿಕೊಂಡರೆ ನನ್ನ ಫೋನು ನನ್ನನ್ನು ಗುರುತಿಸದೆ ಬೀಗ ತೆರೆಯುವುದೇ ಇಲ್ಲ. ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಇದುವರೆಗೆ ಸಿಕ್ಕಿಲ್ಲ.

ಅಂಗಡಿ ಇರುವುದು ಬೇಲೂರಿನ ಬಸ್ ಸ್ಟ್ಯಾಂಡಿನ ಹತ್ತಿರ. ಫೋನಿಗೆ ಗಾಜು ಅಂಟಿಸುವುದು, ರೀಚಾರ್ಜ್ ಮಾಡುವುದು, "ಯಾಕೋ ಸ್ಲೋ ಆಗೈತೆ" ಎಂದು ಬಂದವರ ಫೋನನ್ನು ಆರಿಸಿ ಮತ್ತೆ ಹಚ್ಚಿ ಕೊಡುವುದು ನನ್ನ ಕೆಲಸ. ಈ ಕೊನೆಯದನ್ನು ಬಹಳ ಗಂಭೀರವಾಗಿ ಮಾಡಬೇಕು, ಇಲ್ಲದಿದ್ದರೆ ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ನನ್ನ ಊರು ಅರಸೀಕೆರೆ ಕಡೆ. ಹಿತ್ತಲಿನಲ್ಲಿ ನಿಂತರೆ ಮಾಲೇಕಲ್ಲಿನ ಬೆಟ್ಟ ಕಾಣುತ್ತದೆ. ವಾರವೆಲ್ಲ ಬೇಲೂರಿನ ಒಂದು ಕೋಣೆ, ರಜೆಗೆ ಊರು, ನಡುವೆ ಬಸ್ಸು, ಬಸ್ಸಿನಲ್ಲಿ ಫೋನು. ಜಾವಗಲ್ಲಿಗೂ ಹಳೇಬೀಡಿಗೂ ನಡುವೆ ಒಂದು ಕಡೆ ಸಿಗ್ನಲ್ ಹೋಗುತ್ತದೆ. ಅಲ್ಲಿ ನಾನು ಕಿಟಕಿಯಿಂದ ಹೊರಗೆ ನೋಡುತ್ತೇನೆ. ರಾಗಿ ಹೊಲ, ಹುಣಸೆ ಮರ, ಯಾರದೋ ಹಸು. ಸಿಗ್ನಲ್ ಬಂದೊಡನೆ ಹಸುವಿಗೆ ಟಾಟಾ.

ದೊಡ್ಡಪ್ಪ ನನ್ನ ಹಾಗಲ್ಲ. ಅವರದು ಗುಂಡಿ ಒತ್ತುವ ಚಿಕ್ಕ ಫೋನು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಗಿಯ ಒಳಜೇಬಿನಲ್ಲಿಟ್ಟಿರುತ್ತಾರೆ. ಅದರಲ್ಲಿ ಅವರು ಹಾಡು ಕೇಳುವುದಿಲ್ಲ, ಆಟ ಆಡುವುದಿಲ್ಲ, ಯಾರ ಹುಟ್ಟುಹಬ್ಬಕ್ಕೂ ಕೇಕಿನ ಚಿತ್ರ ಕಳಿಸುವುದಿಲ್ಲ. ಅವರ ಮನಸ್ಸೆಲ್ಲ ತೋಟದ ಒಂದು ಸಾಲಿನಲ್ಲಿತ್ತು. ಹಳೆಯ ಮರಗಳಿಗೆ ಕಾಂಡದಿಂದ ರಸ ಸೋರುವ ರೋಗ ಬಂದು ಆ ಸಾಲು ಪೂರ್ತಿ ಹೋಗಿತ್ತು. ಕಡಿಸಿ, ಬೇರು ತೆಗೆಸಿ, ಹೊಸ ಸಸಿ ಇಟ್ಟಿದ್ದರು. ಅವಕ್ಕೆ ಅದು ಮೊದಲ ಬೇಸಿಗೆ. "ಈ ಬ್ಯಾಸ್ಗೆ ಒಂದ ದಾಟುಸ್ಬುಟ್ರೆ ಆಮೇಲೆ ಅವೇ ನೋಡ್ಕತವೆ" ಎಂದು ದಿನವೂ ಹೇಳುತ್ತಿದ್ದರು. ಮಗುವನ್ನು ಸ್ಕೂಲಿಗೆ ಸೇರಿಸುವವರೂ ಇಷ್ಟು ಯೋಚನೆ ಮಾಡುವುದಿಲ್ಲ.

ಕಷ್ಟ ಇದ್ದದ್ದು ನೀರಿನದಲ್ಲ, ಕರೆಂಟಿನದು. ಪಂಪಿಗೆ ಬೇಕಾದ ಮೂರು ಫೇಸ್ ಕರೆಂಟು ನಮ್ಮ ಕಡೆ ದಿನವಿಡೀ ಇರುವುದಿಲ್ಲ. ಒಂದು ವಾರ ಬೆಳಗ್ಗೆ ಕೊಡುತ್ತಾರೆ, ಒಂದು ವಾರ ಸಂಜೆ. ಹೇಳಿದ ಹೊತ್ತಿಗೆ ಬರುತ್ತದೆ ಎಂದೂ ಇಲ್ಲ, ಬಂದದ್ದು ನಿಲ್ಲುತ್ತದೆ ಎಂದೂ ಇಲ್ಲ. ದೊಡ್ಡಪ್ಪ ಪಂಪ್ ಮನೆಯ ಕಟ್ಟೆಯ ಮೇಲೆ ಕಾದು ಕೂತು ಕೂತು ಆ ಕಲ್ಲೇ ನುಣುಪಾಗಿತ್ತು. ಮದುವೆಗೆ ಹೋದರೆ ಧಾರೆಯಾಗುವ ಮೊದಲೇ ಎದ್ದು ಬಸ್ಸಿಗೆ ಓಡುತ್ತಿದ್ದರು. ಅವರ ಮಗಳನ್ನು, ಎಂದರೆ ನನ್ನ ಅಕ್ಕನನ್ನು, ಹಳೇಬೀಡಿಗೆ ಕೊಟ್ಟಿದೆ. ಅವಳ ಮನೆಯಲ್ಲಿ ದೊಡ್ಡಪ್ಪ ಒಂದು ಹಗಲು ಪೂರ್ತಿ ಕೂತದ್ದಿಲ್ಲ. "ಅಪ್ಪ ಬಂದ್ರೆ ಚಪ್ಲಿ ಬಿಡೋ ಮೊದ್ಲೇ ಊಟಕ್ಕೆ ಹಾಕ್ಬೇಕು ಕಣೋ, ಇಲ್ದಿದ್ರೆ ಹೊರಟೇಬಿಟ್ಟಿರ್ತಾರೆ" ಎಂದು ಅಕ್ಕ ನಗುತ್ತಿದ್ದಳು. ನಗುವಾಗ ಬೇರೆ ಕಡೆ ನೋಡುತ್ತಿದ್ದಳು.

ಆಗ ಬಂತು ಮೊಬೈಲ್ ಸ್ಟಾರ್ಟರು. ಪಂಪ್ ಮನೆಯ ಗೋಡೆಗೆ ಬಡಿದ ಒಂದು ಪೆಟ್ಟಿಗೆ, ಅದರೊಳಗೆ ನಮ್ಮ ನಿಮ್ಮ ಫೋನಿನಲ್ಲಿರುವಂಥದೇ ಒಂದು ಸಿಮ್ಮು. ಕರೆಂಟು ಬಂದೊಡನೆ ಪೆಟ್ಟಿಗೆಯೇ ದೊಡ್ಡಪ್ಪನಿಗೆ ಫೋನ್ ಮಾಡುತ್ತದೆ. ಒಳಗೆ ಒಬ್ಬ ಹೆಂಗಸಿನ ರೆಕಾರ್ಡ್ ಮಾಡಿದ ದನಿ: "ನಮಸ್ಕಾರ. ಮೂರು ಫೇಸ್ ವಿದ್ಯುತ್ ಲಭ್ಯವಿದೆ. ಮೋಟರ್ ಚಾಲನೆಗೆ ಒಂದನ್ನು ಒತ್ತಿ." ಒಂದನ್ನು ಒತ್ತಿದರೆ ಅಲ್ಲಿ ಸಸಿಗಳ ಬುಡಕ್ಕೆ ನೀರು.

ಆ ಪೆಟ್ಟಿಗೆ ಬಂದಮೇಲೆ ದೊಡ್ಡಪ್ಪನ ಕಾಲಿಗೆ ಕಟ್ಟಿದ ಹಗ್ಗ ಬಿಚ್ಚಿದ ಹಾಗಾಯಿತು. ಅರಸೀಕೆರೆ ಸಂತೆಗೆ ಹೋಗಿ ಸುಮ್ಮನೆ ತಿರುಗಾಡಿ ಬಂದರು. ಹಳೇಬೀಡಿಗೆ ಹೋಗಿ ಅಕ್ಕನ ಮನೆಯ ಜಗಲಿಯಲ್ಲಿ ಬೀಗರ ಪಕ್ಕ ಕಾಲು ಚಾಚಿ ಕೂತರು. ಫೋನ್ ಬಂತು. ದೊಡ್ಡಪ್ಪ ಸ್ಪೀಕರ್ ಹಾಕಿ ಎಲ್ಲರಿಗೂ ಕೇಳಿಸಿದರು.

"ಆಯ್ತಮ್ಮ, ಒತ್ತುದೆ" ಎಂದು ಅದಕ್ಕೆ ಉತ್ತರವನ್ನೂ ಕೊಟ್ಟರು.

ಬೀಗರು ಬೆರಗಾಗಿ, "ಇಲ್ಲಿ ಒತ್ತುದ್ರೆ ಅಲ್ಲಿ ನೀರು ಬತ್ತದಾ?" ಎಂದರು.

"ಬತ್ತದೆ ಬೀಗ್ರೆ. ಈಗ ಮೂರ್ನೇ ಸಸಿ ತಾವ ಇರ್ತದೆ ನೀರು" ಎಂದು ದೊಡ್ಡಪ್ಪ ಕಣ್ಣು ಮುಚ್ಚಿಕೊಂಡು ಹೇಳಿದರಂತೆ.

ದೊಡ್ಡಮ್ಮನಿಗೆ ಮಾತ್ರ ಆ ಹೆಂಗಸಿನ ಮೇಲೆ ಒಳಗೊಳಗೇ ಸಿಟ್ಟು. "ನಂಗೆ ಮದ್ವೆ ಆದಾಗ್ಲಿಂದ ಒಂದ್ ದಿನ ಆಯ್ತಮ್ಮ ಅಂದೋರಲ್ಲ. ಯಾವಳೋ ಪೆಟ್ಟಿಗೇಲಿ ಕೂತ್ಕಂಡು ಹೇಳುದ್ರೆ ಬಗ್ಗಿ ಬಗ್ಗಿ ಒತ್ತಾರೆ" ಎನ್ನುತ್ತಿದ್ದರು. ದೊಡ್ಡಮ್ಮನ ಈ ಮಾತನ್ನೂ ದೊಡ್ಡಪ್ಪನ "ಆಯ್ತಮ್ಮ"ವನ್ನೂ ಅಂಗಡಿಯಲ್ಲಿ ಎಷ್ಟು ಸಲ ಮಾಡಿ ತೋರಿಸಿದ್ದೇನೋ. ಕಾಣದ ಊರಿನ ಗಿರಾಕಿಗಳಿಗೂ ನಮ್ಮ ಮನೆಯವರ ಪರಿಚಯ ಚೆನ್ನಾಗಿ ಆಗಿತ್ತು.

ಆ ದನಿ ನನ್ನ ಗಂಟಲಿಗೂ ಬಂದಿತ್ತಲ್ಲ, ಅಲ್ಲೇ ತೊಂದರೆ. ಒಂದು ಭಾನುವಾರ ಊರಿನ ಟೀ ಅಂಗಡಿಯಲ್ಲಿ ದೊಡ್ಡಪ್ಪ ಹತ್ತು ಜನರ ನಡುವೆ ಕೂತಿದ್ದರು. ನಾನು ಗೆಳೆಯನ ಫೋನು ಇಸಿದುಕೊಂಡು ಅಂಗಡಿಯ ಹಿಂದೆ ಹೋಗಿ ಅವರಿಗೆ ಫೋನ್ ಮಾಡಿದೆ. ದೊಡ್ಡಪ್ಪ ಎಂದಿನಂತೆ ಸ್ಪೀಕರ್ ಹಾಕಿದರು.

"ನಮಸ್ಕಾರ. ಮೂರು ಫೇಸ್ ವಿದ್ಯುತ್ ಲಭ್ಯವಿದೆ. ಮೋಟರ್ ಚಾಲನೆಗೆ ಒಂದನ್ನು ಒತ್ತಿ."

"ಆಯ್ತಮ್ಮ" ಎಂದರು, ಒತ್ತಿದರು.

"ಮೋಟರ್ ಚಾಲನೆಯಾಗಿದೆ. ತಮ್ಮ ಊಟವಾಗಿದ್ದರೆ ಎರಡನ್ನು ಒತ್ತಿ."

ಆಮೇಲೆ ಕೀ ಎಂದು ಕೇಳಿಸಿತು. ಒತ್ತಿದ್ದರು.

"ಧನ್ಯವಾದ. ಮುದ್ದೆಯಾದರೆ ಮೂರು, ಅನ್ನವಾದರೆ ನಾಲ್ಕನ್ನು ಒತ್ತಿ."

ಮೂರನ್ನೂ ಒತ್ತಿದರು. ಅಷ್ಟರಲ್ಲಿ ನನಗೇ ನಗು ತಡೆಯಲಾಗದೆ ಮೋಟರಿಗೆ ಕೆಮ್ಮು ಬಂತು. ಟೀ ಅಂಗಡಿ ಬಿದ್ದು ಬಿದ್ದು ನಕ್ಕಿತು. ನಾನು ಹಿಂದಿನಿಂದ ಬಂದು ಕೈ ಮುಗಿದು ನಿಂತೆ. ದೊಡ್ಡಪ್ಪನೂ ನಕ್ಕರು. "ಥೂ ನಿನ್ನ. ನಾನೂ ಅಂದ್ಕಂಡೆ, ಇವತ್ತೇನು ಇವ್ಳು ಇಷ್ಟೊಂದು ವಿಚಾರುಸ್ಕತಾವ್ಳೆ ಅಂತ" ಎಂದರು. ನನಗೆ ಅವರೇ ಟೀ ಕುಡಿಸಿದರು. ಸಂಜೆ ಬಸ್ಸಿನಲ್ಲಿ ಬೇಲೂರಿಗೆ ಹೋಗುವಾಗ ಸಿಗ್ನಲ್ ಇಲ್ಲದ ಕಡೆಯೂ ನಾನು ಒಬ್ಬನೇ ನಗುತ್ತಿದ್ದೆ. ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ಕೂತರು.

ಮಾರನೆಯ ದಿನ ನಿಜವಾದ ಪೆಟ್ಟಿಗೆ ನಿಜವಾದ ಫೋನ್ ಮಾಡಿತು. ದೊಡ್ಡಪ್ಪ ಮನೆಯಲ್ಲಿ ಕಾಯಿ ಸುಲಿಸುತ್ತಿದ್ದರು. "ಸಾಕು ಹೋಗ್ಲಾ, ಇವತ್ತು ಊಟ ಆಗಿಲ್ಲ" ಎಂದು, ನಾನೇ ಎಂದುಕೊಂಡು, ಅದಕ್ಕೇ ಹೇಳಿ ಕಟ್ ಮಾಡಿದರು. ಪೆಟ್ಟಿಗೆ ಬೇಜಾರು ಮಾಡಿಕೊಳ್ಳುವ ಜಾತಿಯಲ್ಲ. ಮತ್ತೆ ಮಾಡಿತು. "ಕೆಲ್ಸ ಇಲ್ವೇನ್ಲಾ ನಿಂಗೆ" ಎಂದರು. ಅದರ ಮಾರನೆಯ ದಿನವೂ ಹೀಗೇ, ಆಮೇಲೂ ಹೀಗೇ. ಈ ವಾರ ಯಾಕೋ ಕರೆಂಟೇ ಕೊಟ್ಟಿಲ್ಲ, ಕೊಟ್ಟಿದ್ದರೆ ಅವಳು ಹೇಳುತ್ತಿದ್ದಳಲ್ಲ ಎಂದುಕೊಂಡು ಸುಲಿಯುವ ಕೆಲಸ ಮುಗಿಸಿ ತೋಟಕ್ಕೆ ಹೋದರು. ಪಕ್ಕದ ತೋಟದಲ್ಲಿ ನೀರು ಹರಿಯುತ್ತಿತ್ತು. ಇವರ ಸಸಿಗಳ ತುದಿ ಸುಟ್ಟಂತಾಗಿ, ಪಾತಿಯ ಮಣ್ಣು ಬಿರುಕು ಬಿಟ್ಟಿತ್ತು.

ಅಲ್ಲಿಂದಲೇ ನನಗೆ ಫೋನ್ ಮಾಡಿದರು. ನಾನು ಯಾರದೋ ಫೋನಿಗೆ ಗಾಜು ಅಂಟಿಸುತ್ತಿದ್ದೆ.

"ಸೋಮ್ವಾರ ಫೋನ್ ಮಾಡಿದ್ಯಾ?"

"ಇಲ್ಲ ದೊಡ್ಡಪ್ಪ."

"ಮಂಗ್ಳವಾರ?"

"ಇಲ್ಲ. ಯಾಕೆ?"

"ಹಂಗಾದ್ರೆ ಬೈಸ್ಕಂಡೋಳು ಅವ್ಳೇ" ಎಂದು ಇಟ್ಟುಬಿಟ್ಟರು. ಅವರ ಎಲ್ಲ ಮಾತನ್ನೂ ನಾನು ಅಂಗಡಿಯಲ್ಲಿ ಮಾಡಿ ತೋರಿಸಿದ್ದೇನೆ. ಇದೊಂದನ್ನು ಮಾಡಿಲ್ಲ.

ಮುಂದಿನ ಭಾನುವಾರ ಊರಿಗೆ ಹೋದರೆ ದೊಡ್ಡಪ್ಪ ಮತ್ತೆ ಪಂಪ್ ಮನೆಯ ಕಟ್ಟೆಯ ಮೇಲೆ. ಇನ್ನು ಮೇಲೆ ಹಾಗೆ ಮಾಡುವುದಿಲ್ಲ ಎಂದು ಆಣೆ ಮಾಡಿದೆ. "ನೀನು ಮಾಡಕಿಲ್ಲ ಕಣ್ಲಾ, ಗೊತ್ತು. ಟೀ ಅಂಗ್ಡೀಲಿ ಇದ್ದೋರೆಲ್ಲ ಕಲ್ತವ್ರಲ್ಲ, ಅವ್ರಿಗೇನ್ ಹೇಳಾನ" ಎಂದರು. ನಿಜ. ನನ್ನ ವಿದ್ಯೆ ನಾನು ಕಲಿಸದೆಯೂ ಹರಡಿತ್ತು. ಊರಿನ ಹುಡುಗರೆಲ್ಲ ಹೊತ್ತಲ್ಲದ ಹೊತ್ತಿನಲ್ಲಿ ದೊಡ್ಡಪ್ಪನಿಗೆ ಫೋನ್ ಮಾಡಿ ಮುದ್ದೆಗೆ ಮೂರು, ಅನ್ನಕ್ಕೆ ನಾಲ್ಕು ಎನ್ನುತ್ತಿದ್ದರು. ಹೆಣ್ಣುದನಿಯೂ ಸರಿಯಾಗಿ ಬರುವುದಿಲ್ಲ ಆ ಮುಂಡೇವಕ್ಕೆ. ಯಾರ ನಂಬರು ಎಂದು ಬಿಸಿಲಿನಲ್ಲಿ ಆ ಪುಟ್ಟ ಪರದೆ ನೋಡಿದರೆ ದೊಡ್ಡಪ್ಪನಿಗೆ ಕಾಣುವುದಿಲ್ಲ. ಪೆಟ್ಟಿಗೆಗೇ ಬೇರೆ ರಿಂಗು ಇಡೋಣ ಎಂದರೆ ಆ ಫೋನಿನಲ್ಲಿ ಎಲ್ಲರಿಗೂ ಒಂದೇ ರಿಂಗು. ಒಟ್ಟಿನಲ್ಲಿ ಅವರು ಯಾರ ಫೋನನ್ನೂ ನಂಬದೆ ಮೊದಲಿನ ಹಾಗೆ ಕಾಯಲು ಕೂತರು.

ಅದೇ ಹೊತ್ತಿಗೆ ಹಳೇಬೀಡಿನಲ್ಲಿ ಅಕ್ಕ ಭಾವ ಕಟ್ಟಿಸಿದ ಹೊಸ ಮನೆಗೆ ಗೃಹಪ್ರವೇಶ ಗೊತ್ತಾಯಿತು. ನಮ್ಮಲ್ಲಿ ತವರಿನವರು ತಂದ ಬಟ್ಟೆ ಉಟ್ಟೇ ಗಂಡ ಹೆಂಡತಿ ಪೂಜೆಗೆ ಕೂರಬೇಕು. ಕರೆಯಲು ಬಂದ ಅಕ್ಕನಿಗೆ ದೊಡ್ಡಪ್ಪ, "ಬಟ್ಟೆ ನಿಮ್ಮವ್ವನ ಕೈಲಿ ಕಳುಸ್ತೀನಿ ಕಣವ್ವ. ಆ ವಾರ ಕರೆಂಟು ಬೆಳಗ್ಗೆ ಐತೆ. ಸಸಿ ಬುಟ್ಟು ಬರಕಾಗಕಿಲ್ಲ" ಎಂದರು. ಅಕ್ಕ ಎದ್ದು ಹೊರಟಳು. ಬಸ್ಸಿನಲ್ಲಿ ಕೂತು ನನಗೆ ಫೋನ್ ಮಾಡಿದಳು.

"ಅಪ್ಪ ಬರಲ್ವಂತೆ."

"ಅಕ್ಕ, ನಾನು..."

"ನೀನು ಯಾರ ದನೀನೂ ಮಾಡ್ಬೇಡ, ಸುಮ್ನೆ ಕೇಳು. ಮದ್ವೇಲಿ ನನ್ನ ಧಾರೆ ಎರೆದು ನೇರವಾಗಿ ಪಂಪಿಗೆ ಓಡಿದ್ರು. ಮಗೂ ನಾಮಕರಣಕ್ಕೆ ಬಂದು ಪಾಯಸ ಬಡಿಸೋ ಹೊತ್ತಿಗೆ ಎದ್ದರು. ಈ ಮನೇಲಿ ಅಪ್ಪ ಪೂಜೆ ಮುಗಿಯೋವರ್ಗೂ ಕೂತಿರ್ಬೇಕು. ಕಳೆದ ತಿಂಗ್ಳು ಕೂತಿದ್ರಲ್ಲ ಜಗ್ಲೀಲಿ, ಹಂಗೆ. ಕೆಡಿಸಿದ್ದು ನೀನು, ಸರಿಮಾಡೋದೂ ನೀನೇ."

ಇಟ್ಟುಬಿಟ್ಟಳು. ನಮ್ಮ ಮನೆಯವರಿಗೆ ಫೋನ್ ಇಡುವುದರಲ್ಲಿ ಒಳ್ಳೆಯ ಕೈ.

ನಾನು ಮೊಬೈಲ್ ಅಂಗಡಿಯವನಲ್ಲವೇ, ಉಪಾಯ ತಟ್ಟನೆ ಹೊಳೆಯಿತು. ಪೆಟ್ಟಿಗೆ ದೊಡ್ಡಪ್ಪನ ಬದಲು ನನಗೆ ಫೋನ್ ಮಾಡುವ ಹಾಗೆ ನನ್ನ ನಂಬರು ಹಾಕಿದೆ. ಅವಳ ದನಿಯಲ್ಲಿ ನನಗೆ ಮೋಸ ಮಾಡುವವರು ಈ ತಾಲ್ಲೂಕಿನಲ್ಲಿ ಯಾರಿದ್ದಾರೆ? ಅವಳು ಹೇಳುತ್ತಾಳೆ, ನಾನು ಬೇಲೂರಿನಿಂದ ಒತ್ತುತ್ತೇನೆ, ದೊಡ್ಡಪ್ಪ ಎಲ್ಲಿ ಬೇಕಾದರೂ ಇರಬಹುದು. ದೊಡ್ಡಪ್ಪ ತಲೆಯಾಡಿಸಿದರು. "ನೋಡಾನ. ನೀನು ಹೆಂಗೆ ಮಾಡ್ತೀಯ ಅಂತ ಇಲ್ಲಿ ಕಟ್ಟೆ ಮೇಲೆ ಕೂತ್ಕಂಡೇ ನೋಡ್ತೀನಿ. ಸರಿ ಅನ್ಸುದ್ರೆ ಹಳೇಬೀಡಿಗೆ ಬತ್ತೀನಿ."

ಅಂದಿನಿಂದ ನನ್ನ ನೆಮ್ಮದಿ ಹೋಯಿತು.

ಅವಳು ಒಂದು ಸಲ ಫೋನ್ ಮಾಡಿ ಸುಮ್ಮನಾಗುವವಳಲ್ಲ ಎಂದು ನನಗೆ ಗೊತ್ತೇ ಇರಲಿಲ್ಲ. ಕರೆಂಟು ಬಂದರೆ ಫೋನು. ಹೋದರೆ ಫೋನು. "ವೋಲ್ಟೇಜ್ ಕಡಿಮೆಯಿದೆ" ಎಂದು ಫೋನು. "ಒಂದು ಫೇಸ್ ಲಭ್ಯವಿಲ್ಲ" ಎಂದು ಇನ್ನೊಂದು ಫೋನು. ಅದು ಲಭ್ಯವಿಲ್ಲದಿದ್ದರೆ ಬೇಲೂರಿನಲ್ಲಿ ಕೂತ ನಾನು ಏನು ಮಾಡಲಿ, ಚೆನ್ನಕೇಶವನ ಗುಡಿಗೆ ಹೋಗಿ ಹರಕೆ ಹೊರಲೇ? ಗಾಜು ಅಂಟಿಸುವಾಗ ಫೋನ್ ಬರುತ್ತಿತ್ತು, ಬೆರಳು ಜಾರಿ ಗಾಜಿನ ಕೆಳಗೆ ಗಾಳಿಗುಳ್ಳೆ ಉಳಿಯುತ್ತಿತ್ತು. ಸ್ನಾನಕ್ಕೆ ಹೋದರೆ ಫೋನನ್ನೂ ಕವರಿನಲ್ಲಿ ಸುತ್ತಿ ಸೋಪಿನ ಪಕ್ಕ ಇಡಬೇಕು. ಹೋಟೆಲಿನಲ್ಲಿ ದೋಸೆ ಮುರಿಯುವಾಗ ಎಡಗೈ ಫೋನಿನ ಮೇಲೆ. ಬಾರದಿದ್ದರೆ ಯಾಕೆ ಬರಲಿಲ್ಲ ಎಂಬ ಯೋಚನೆ. ಜೇಬಿನಲ್ಲಿ ಏನೂ ಇಲ್ಲದಾಗಲೂ ತೊಡೆ ಗುರ್ ಎಂದು ನಡುಗಿದಂತಾಗಿ ಕೈ ಹಾಕಿ ನೋಡುತ್ತಿದ್ದೆ. ಒಬ್ಬರು ಬಂದು "ದಪ್ಪ ಪಿನ್ನಿನ ಚಾರ್ಜರ್ ಇದ್ಯಾ?" ಎಂದು ಕೇಳಿದರೆ ನನ್ನ ಬಾಯಿಂದ "ಲಭ್ಯವಿದೆ" ಎಂದು ಬಂತು. ಯಜಮಾನರು ಕನ್ನಡಕದ ಮೇಲಿಂದ ನೋಡಿ, "ಯಾಕಪ್ಪ, ಒಳಗೆ ಯಾರಾದ್ರೂ ಸೇರ್ಕೊಂಡಿದ್ದಾರಾ?" ಎಂದರು.

ಇಷ್ಟು ದಿನ ಫೋನು ನಾನು ಹೇಳಿದ ಹಾಗೆ ಕೇಳುತ್ತದೆ ಎಂದುಕೊಂಡಿದ್ದೆ. ಬೇಕೆಂದಾಗ ಹಾಡು, ಬೇಕೆಂದಾಗ ಆಟ, ಬೇಡವೆಂದಾಗ ಕಟ್. ಈಗ ಅದೇ ಫೋನು ಹೇಳಿದ ಹಾಗೆ ನಾನು ಏಳುತ್ತಿದ್ದೆ, ಕೂರುತ್ತಿದ್ದೆ. ಬಸ್ಸಿನಲ್ಲಿ ಆ ಸಿಗ್ನಲ್ ಇಲ್ಲದ ಜಾಗ ಬಂದರೆ ಹಸು ಮರ ಯಾವುದೂ ಕಣ್ಣಿಗೆ ಬೀಳುತ್ತಿರಲಿಲ್ಲ. ಫುಟ್‌ಬೋರ್ಡಿನ ಮೇಲೆ ನಿಂತು ಫೋನನ್ನು ಹೊರಗೆ ಚಾಚುತ್ತಿದ್ದೆ. "ಒಳಗ್ ಬಾರಪ್ಪ, ಬಿದ್ರೆ ನಂಗ್ ತಲೆನೋವು" ಎಂದು ಕಂಡಕ್ಟರು ಬೈಯುತ್ತಿದ್ದರು. ನನ್ನ ಗಂಟಲಿನಲ್ಲಿರುವ ಅದೇ ಕಂಡಕ್ಟರು. ಅವರಿಗೆ ಅವರದೇ ದನಿಯಲ್ಲಿ ಉತ್ತರ ಕೊಡುವ ಹುರುಪೂ ಉಳಿದಿರಲಿಲ್ಲ.

ಇದರ ಮೇಲೆ ದೊಡ್ಡಪ್ಪನ ಫೋನು ಬೇರೆ.

"ಬಂತಾ?"

"ಬಂತು ದೊಡ್ಡಪ್ಪ, ಒತ್ತಿದೆ."

"ಹೂಂ."

ಅಷ್ಟೇ. ಆ ಹೂಂನಲ್ಲಿ ಪಾಸೋ ಫೇಲೋ ತಿಳಿಯುತ್ತಿರಲಿಲ್ಲ. ಎಷ್ಟೋ ಸಲ ಫೋನು ತಾನೇ ಏನೋ ಅಪ್‌ಡೇಟ್ ಮಾಡಿಕೊಳ್ಳುತ್ತಾ ಆರಿಹೋಗಿರುತ್ತಿತ್ತು. ಹಚ್ಚಿ ನೋಡಿದರೆ ಅವಳ ಮಿಸ್ಡ್ ಕಾಲುಗಳ ಸಾಲು. ಗಾಬರಿಯಿಂದ ದೊಡ್ಡಪ್ಪನಿಗೆ ಮಾಡಿ "ನೀವೇ ಒತ್ತಿಬಿಡಿ ದೊಡ್ಡಪ್ಪ, ನನ್ನ ಫೋನು ಕೈಕೊಡ್ತು" ಎನ್ನುತ್ತಿದ್ದೆ. ಆಗಲೂ "ಹೂಂ." ಕಟ್ಟೆಯಿಂದ ಎದ್ದು ಒಳಗೆ ಹೋಗಿ ಪೆಟ್ಟಿಗೆಯ ಗುಂಡಿ ಒತ್ತುತ್ತಾರೆ, ಪಾಪ ಎಂದುಕೊಳ್ಳುತ್ತಿದ್ದೆ. ಸಸಿಗಳು ಮಾತ್ರ ನಿಧಾನಕ್ಕೆ ಚೇತರಿಸಿಕೊಂಡವು. ಸುಟ್ಟ ತುದಿಯ ನಡುವಿನಿಂದ ಹಸಿರು ಸುಳಿ ಬಂದಿದೆ ಎಂದು ದೊಡ್ಡಮ್ಮ ಹೇಳಿದಾಗ ನನಗೆ ಅಂದು ಎರಡು ದೋಸೆ ಹೆಚ್ಚಿಗೆ ಸೇರಿತು.

ಗೃಹಪ್ರವೇಶ ಹತ್ತಿರ ಬಂದಾಗ ದೊಡ್ಡಪ್ಪ ತೀರ್ಪು ಕೊಟ್ಟರು. "ಬತ್ತೀನಿ. ಆದ್ರೆ ನೀನು ನನ್ನ ಮಗ್ಗುಲಲ್ಲೇ ಕೂರ್ಬೇಕು. ಆ ಫೋನು ಇಬ್ರು ಮಧ್ಯ ಇರ್ಬೇಕು. ಮೋಟ್ರು ಆನ್ ಆಗ್ನಿಲ್ಲ ಅಂದ್ರೆ ನಾನು ಎದ್ದು ಹೋಯ್ತೀನಿ. ಆಮೇಲೆ ಯಾರೂ ನನ್ನ ಅನ್ನಂಗಿಲ್ಲ."

ಬೆಳಗ್ಗೆ ಅರಸೀಕೆರೆಯಿಂದ ಬಸ್ಸು. ದೊಡ್ಡಮ್ಮನ ಮಡಿಲಲ್ಲಿ ಸೀರೆ ಪಂಚೆಯ ಗಂಟು, ನನ್ನ ಮಡಿಲಲ್ಲಿ ಹೊಸ ಸ್ಟೀಲಿನ ಕೊಳಗ, ಕೊಳಗದೊಳಗೆ ಬೀಳದಿರಲಿ ಎಂದು ಇಟ್ಟ ಫೋನು. ಹಳೇಬೀಡು ತಲುಪಿದಾಗ ಹೋಮಕ್ಕೆ ಇಟ್ಟಿಗೆ ಇಡುತ್ತಿದ್ದರು. ಅಕ್ಕ ನಮ್ಮನ್ನು ಕಂಡವಳೇ ದೊಡ್ಡಪ್ಪನಿಗೆ ಗೋಡೆಯ ಪಕ್ಕ ಕುರ್ಚಿ ಹಾಕಿ ಕೂರಿಸಿದಳು. ಬಾಗಿಲಿನಿಂದ ದೂರ ಇರುವ ಕುರ್ಚಿ.

ಫೋನಿನಲ್ಲಿ ಚಾರ್ಜು ಕಾಲುಭಾಗವೂ ಇರಲಿಲ್ಲ. ಹೊಸ ಮನೆ, ಗೋಡೆಗೆ ನಾಲ್ಕು ಕಡೆ ಪ್ಲಗ್ಗು, ಅದರ ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ತೆಗೆದಿಲ್ಲ. ಚುಚ್ಚಿದೆ. ಮನೆಗೆ ಇನ್ನೂ ಕರೆಂಟೇ ಕೊಟ್ಟಿಲ್ಲವೆಂದು ಭಾವ ಹೇಳಿದರು. ನೆಂಟರೆಲ್ಲ "ಫೋನ್ ಇಟ್ಕೊಂಡಿದ್ದೀಯಲ್ಲ, ಒಂದು ಫೋಟೋ ಹೊಡಿಯೋ" ಎಂದರು. ಆಗಲ್ಲ ಎಂದೆ. "ಮೊಬೈಲ್ ಅಂಗಡೀಲಿರೋನಿಗೆ ಎಷ್ಟು ಜಂಬ ನೋಡು" ಎಂದುಕೊಂಡು ಹೋದರು. ನಾನು ಫೋನನ್ನು ಅಂಗೈಯಲ್ಲಿಟ್ಟುಕೊಂಡು ಮೊಟ್ಟೆ ಕಾಯುವ ಕೋಳಿಯ ಹಾಗೆ ಕೂತೆ. ಪುರೋಹಿತರು ಸಂಕಲ್ಪ ಹೇಳಿಸುತ್ತಿದ್ದರು. ತವರಿನ ಸೀರೆಯುಟ್ಟ ಅಕ್ಕ ಆಚಮನಕ್ಕೆ ಕೈ ಒಡ್ಡುತ್ತಾ ಮಧ್ಯೆ ಮಧ್ಯೆ ನಮ್ಮ ಕಡೆ ನೋಡುತ್ತಿದ್ದಳು.

ಫೋನ್ ಬಂತು. ಎತ್ತಿ ಕಿವಿಗಿಟ್ಟೆ. "ಮೋಟರ್ ಚಾಲನೆಗೆ ಒಂದನ್ನು ಒತ್ತಿ." ಕಿವಿಯಿಂದ ತೆಗೆದು ನೋಡಿದರೆ ಪರದೆ ಕಪ್ಪು. ಅಲುಗಾಡಿಸಿದೆ, ಕಪ್ಪು. ಪಕ್ಕದ ಗುಂಡಿ ಒತ್ತಿದೆ, ಕಪ್ಪು. ಆಗ ಹೊಳೆಯಿತು. ಹಿಂದಿನ ದಿನ ಹಬ್ಬಕ್ಕೆ ಸಿಂಗಾರ ಮಾಡುವ ಹಾಗೆ ಫೋನಿಗೆ ಹೊಸ ಗಾಜು ಅಂಟಿಸಿದ್ದೆ, ಅಂಚು ಕಪ್ಪಗಿರುವಂಥದ್ದು. ಫೋನು ಕಿವಿಯ ಹತ್ತಿರ ಇದೆಯೋ ಇಲ್ಲವೋ ಎಂದು ನೋಡುವ ಸಣ್ಣ ಕಣ್ಣು ಮೇಲ್ಗಡೆ ಇರುತ್ತದೆ. ಆ ಕಣ್ಣಿಗೇ ಕಪ್ಪು ಬಡಿದಿದ್ದೆ. ಹಾಗಾಗಿ ಫೋನು ತಾನಿನ್ನೂ ಕಿವಿಯಲ್ಲೇ ಇದ್ದೇನೆಂದುಕೊಂಡು ಪರದೆ ಆರಿಸಿ ಕೂತಿತ್ತು. ಅಂಗಡಿಯಲ್ಲಿ ಇದೇ ತಪ್ಪಿಗೆ ಗಿರಾಕಿಗಳಿಗೆ "ನೋಡಿ ತಗೋಬೇಕಲ್ವಾ ಸರ್" ಎಂದು ಉಪದೇಶ ಮಾಡುವವನು ನಾನೇ.

ಒಂದರ ಗುಂಡಿ ಎಲ್ಲಿರಬಹುದು ಎಂದು ಅಂದಾಜಿನಲ್ಲಿ ಕಪ್ಪು ಗಾಜಿನ ಮೇಲೆ ಒತ್ತಿದೆ. ಅವಳು ಶಾಂತವಾಗಿ ಮತ್ತೆ ಶುರುಮಾಡಿದಳು, "ಮೂರು ಫೇಸ್ ವಿದ್ಯುತ್ ಲಭ್ಯವಿದೆ." ಉಗುರಿನಿಂದ ಗಾಜಿನ ಮೂಲೆ ಕೀಳಲು ಹೋದೆ. ಬೇರೆಯವರಿಗೆ ಅಂಟಿಸಿದ್ದು ಮಾರನೆಯ ದಿನವೇ ಕಿತ್ತು ಬರುತ್ತದೆ, ಇದು ಬರಲಿಲ್ಲ. ಫೋನು ಕಟ್ಟಾಯಿತು. ಪರದೆ ಬೆಳಗಿತು, ಬ್ಯಾಟರಿ ಕೆಂಪಾಗಿದೆ ಎಂದು ತೋರಿಸಿತು, ಪೂರ್ತಿ ಆರಿಹೋಯಿತು.

ಅಕ್ಕ ಆಚಮನದ ಕೈ ಹಾಗೆಯೇ ಹಿಡಿದು ನಮ್ಮನ್ನೇ ನೋಡುತ್ತಿದ್ದಳು. ಪುರೋಹಿತರು "ಇಲ್ಲಿ ನೋಡಮ್ಮ" ಎಂದರು. ಅವಳು ನೋಡಲಿಲ್ಲ. ಈಗ ಅಪ್ಪ ಎದ್ದರು, ಈಗ ಚಪ್ಪಲಿ ಹುಡುಕಿದರು ಎಂದೇ ಅವಳಿಗೂ ನನಗೂ ಅನ್ನಿಸುತ್ತಿತ್ತು. ಹತ್ತಿರದಲ್ಲಿ ಯಾರ ಫೋನಾದರೂ ಕೇಳಿ, ಊರಿನ ಗೆಳೆಯನಿಗೆ ಹೇಳಿ ಪೆಟ್ಟಿಗೆಯ ಗುಂಡಿ ಒತ್ತಿಸೋಣವೆಂದರೆ ಅವನ ನಂಬರು ನನಗೆ ಬಾಯಿಗೆ ಬರುವುದಿಲ್ಲ. ನನಗೆ ನನ್ನದೊಂದು ನಂಬರು ಬಿಟ್ಟು ಯಾರ ನಂಬರೂ ಬರುವುದಿಲ್ಲ.

ದೊಡ್ಡಪ್ಪ ಏಳಲಿಲ್ಲ. ನನ್ನನ್ನು ಒಂದಷ್ಟು ಹೊತ್ತು ನೋಡಿದರು. ಆಮೇಲೆ ಒಳಜೇಬಿಗೆ ಕೈ ಹಾಕಿ, ಪ್ಲಾಸ್ಟಿಕ್ ಕವರು ಬಿಚ್ಚಿ, ತಮ್ಮ ಗುಂಡಿಯ ಫೋನು ತೆಗೆದು ಎರಡು ಮೂರು ಸಲ ಒತ್ತಿ ಕಿವಿಗಿಟ್ಟುಕೊಂಡರು. ಒಂದು ಗುಂಡಿ ಒತ್ತಿದರು. ಪಕ್ಕದಲ್ಲಿದ್ದ ನನಗೂ ಕೇಳಿಸಿತು, "ಮೋಟರ್ ಚಾಲನೆಯಾಗಿದೆ." ಕವರು ಸುತ್ತಿ, ಫೋನನ್ನು ಜೇಬಿಗಿಟ್ಟು, ಅಕ್ಕನ ಕಡೆ ನೋಡಿ "ಪೂಜೆ ಮಾಡವ್ವ" ಎಂಬಂತೆ ಕೈ ಸನ್ನೆ ಮಾಡಿ, ಕುರ್ಚಿಗೆ ಒರಗಿ ಕಾಲು ಚಾಚಿದರು. ಅಕ್ಕ ಕೈಯಲ್ಲಿದ್ದ ನೀರು ಕುಡಿದಳು.

"ಏನ್ ಮಾಡಿದ್ರಿ ದೊಡ್ಡಪ್ಪ?"

"ಅವ್ಳಿಗೆ ನಾನೇ ಫೋನ್ ಮಾಡ್ದೆ."

"ನಿಮ್ಮ ನಂಬರ್ ತೆಗೆದು ನಂದು ಹಾಕಿದ್ನಲ್ಲ."

"ನಿಂದು ಮೊದ್ಲು ಹಾಕ್ದೆ. ನಂದು ಅದ್ರ ಕೆಳಕ್ಕೆ ಹೋಗೈತೆ. ಅದು ನನಗೆ ಮಾಡಕಿಲ್ಲ, ನಾ ಮಾಡುದ್ರೆ ಎತ್ಕತದೆ." ಹೋಮದ ಹೊಗೆಗೆ ಕಣ್ಣು ಒರೆಸಿಕೊಂಡು ಮುಂದುವರಿಸಿದರು. "ಅವ್ಳು ನನಗೆ ಮಾಡುದ್ರೆ ತಾನೆ ನೀನಾ ಅವ್ಳಾ ಊರುಡುಗ್ರಾ ಅನ್ನೋ ಯೋಚ್ನೆ. ನಾನೇ ಅವ್ಳಿಗೆ ಮಾಡುದ್ರೆ ಎತ್ತೋಳು ಅವ್ಳೇ ಅಲ್ವೇನ್ಲಾ."

ಇಷ್ಟು ದಿನ ನಾನು ಇಷ್ಟೆಲ್ಲ ತಲೆ ಓಡಿಸಿದ್ದು ಬರುವ ಫೋನಿನ ಬಗ್ಗೆ ಮಾತ್ರ. ಪೆಟ್ಟಿಗೆಗೆ ನಾವೇ ಫೋನ್ ಮಾಡಬಹುದು ಎಂಬುದು ದಿನವೆಲ್ಲ ಫೋನಿನ ನಡುವೆ ಬದುಕುವ ನನಗೆ ಹೊಳೆದಿರಲಿಲ್ಲ.

"ಇದು ಯಾವಾಗ ಗೊತ್ತಾಯ್ತು ನಿಮಗೆ?"

"ನೀನು ಮೊದಲ್ನೇ ಸಲ ಫೋನ್ ಕೈಕೊಡ್ತು ಅಂದ್ಯಲ್ಲ, ಅವತ್ತು. ಕಟ್ಟೆಯಿಂದ ಏಳಕ್ಕೆ ಬೇಜಾರಾಯ್ತು. ಅವ್ಳ ನಂಬ್ರ ಇತ್ತು, ಒತ್ತಿ ನೋಡ್ದೆ. ನೀರು ಬಿತ್ತು."

ಅವತ್ತಿನಿಂದ ಇವತ್ತಿನವರೆಗೆ ನಾನು ಹೋಟೆಲಿನಲ್ಲಿ, ಸ್ನಾನದ ಮನೆಯಲ್ಲಿ, ಬಸ್ಸಿನ ಫುಟ್‌ಬೋರ್ಡಿನಲ್ಲಿ ಪಟ್ಟದ್ದೆಲ್ಲ ಒಟ್ಟಿಗೆ ನೆನಪಾಯಿತು. ದನಿ ಸ್ವಲ್ಪ ಏರಿತು. ಪುರೋಹಿತರು ತಿರುಗಿ ನೋಡಿದರು.

"ಹಂಗಾದ್ರೆ ಇಷ್ಟು ದಿನ ನನ್ನನ್ನ ಯಾಕೆ ಹಿಂಗೆ ಒದ್ದಾಡಕ್ಕೆ ಬಿಟ್ರಿ ದೊಡ್ಡಪ್ಪ? ಒಂದ್ ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?"

ದೊಡ್ಡಪ್ಪ ನನ್ನ ಕಡೆ ತಿರುಗಲೂ ಇಲ್ಲ. ಹೋಮದ ಕಡೆ ನೋಡುತ್ತಲೇ ಹೇಳಿದರು.

"ನೀನು ನಾನಾಡೋ ಮಾತ ಮಾತ್ರ ಕಲ್ತಿದ್ದೆ ಕಣ್ಲಾ, ನಾ ಕಾಯೋದ ಕಲ್ತಿರ್ನಿಲ್ಲ. ಅದೂ ಒಸಿ ಬರ್ಲಿ ಅಂತ ಸುಮ್ಕಿದ್ದೆ."